ಮೊನೆ ಮುಚ್ಚಿದ ಗಾಳ

ಸೋಲಾಪುರದಿಂದ ವಿಜಯಪುರದ ಹಾದಿ ಹಿಡಿದರೆ ಮೊದಲು ವಡಕಬಾಳದ ಹತ್ತಿರ ಸೀನಾ ನದಿ ಅಡ್ಡ ಬರುತ್ತದೆ. ಮಂದ್ರೂಪ ದಾಟಿ ಮುಂದೆ ಹೋದರೆ ಟಾಕಳಿಯಲ್ಲಿ ಭೀಮೆ. ಸೇತುವೆಯ ಆಚೆ ಧೂಳಖೇಡ, ಅಂದರೆ ಕರ್ನಾಟಕ. ಈ ಎರಡು ಹೊಳೆಗಳ ನಡುವಿನ ಕರಿಮಣ್ಣಿನ ಸೀಮೆಯಲ್ಲಿ, ದಕ್ಷಿಣ ಸೋಲಾಪುರ ತಾಲೂಕಿನಲ್ಲಿ, ಕಂದಲಗಾಂವ ಇದೆ. ಹೊಲದ ಸಾತ್‌ಬಾರಾ ಉತಾರೆ ಮರಾಠಿಯಲ್ಲಿ, ಜಗಳ ಕನ್ನಡದಲ್ಲಿ ಎನ್ನುವಂಥ ಸೀಮೆ. ಇಲ್ಲಿ ಜೋಳ, ತೊಗರಿ, ಕಬ್ಬಿನ ಮಾತು ಬಿಟ್ಟರೆ ಉಳಿದದ್ದು ನೀರಿನ ಮಾತೇ. ಉಜನಿ ಅಣೆಕಟ್ಟಿನಲ್ಲಿ ಎಷ್ಟು ಟಿಎಂಸಿ ಇದೆ, ಹೊಳೆಗೆ ಯಾವಾಗ ಬಿಡುತ್ತಾರೆ ಎನ್ನುವುದು ಮೀನು ಹಿಡಿಯುವವನಿಗೂ ಅಷ್ಟೇ ಮುಖ್ಯ.

ಕಾರಣ ಇಷ್ಟೇ: ಹೊಳೆ ಈ ಕಡೆ ವರ್ಷವಿಡೀ ತನ್ನ ಪಾಡಿಗೆ ಹರಿಯುವುದಿಲ್ಲ. 1980ರಲ್ಲಿ ಉಜನಿ ಅಣೆಕಟ್ಟು ಮುಗಿದ ಮೇಲೆ ಭೀಮೆಯ ಕೆಳಹರಿವು ಮೇಲಿನವರ ಗೇಟಿನ ಕೈಗೆ ಹೋಯಿತು. ಸೋಲಾಪುರ ನಗರಕ್ಕೆ ಕುಡಿಯುವ ನೀರು ಬೇಕಾದಾಗ ಅಲ್ಲಿಂದ ಬಿಟ್ಟ ನೀರು ಪಂಢರಪುರ ಹಾದು ಬಂದು ಔಜ ಬಂಧಾರದ ಹಿಂದೆ ನಿಲ್ಲುತ್ತದೆ. ನಿಂತ ನೀರು ದಂಡೆಯ ಜಾಲಿಯನ್ನು ಮುಳುಗಿಸುತ್ತದೆ, ಇಳಿದಾಗ ಅದೇ ಜಾಲಿ ಅರ್ಧ ಕೊಳೆತು ತಳದಲ್ಲಿ ಉಳಿಯುತ್ತದೆ. ಅದರ ಮೇಲೆ ಜಲಪರ್ಣಿ ಕಳೆಯ ಹಸಿರು ಹಾಸಿಗೆ. ಮೀನಿಗೆ ಇದಕ್ಕಿಂತ ಒಳ್ಳೆಯ ಮನೆ ಇಲ್ಲ, ಗಾಳಕ್ಕೆ ಇದಕ್ಕಿಂತ ಕೆಟ್ಟ ಜಾಗವಿಲ್ಲ. ಬಿದಿರಿನ ಕೋಲು, ತಂಗೂಸ, ಬೆಂಡು, ಸೀಸದ ಗುಂಡು, ಎರೆಹುಳ ಪೋಣಿಸಿದ ಗಾಳ ಇಷ್ಟನ್ನು ಇಟ್ಟುಕೊಂಡವನು ಆ ಮುಳ್ಳುಕಂಟಿಯೊಳಗೆ ಎಸೆದರೆ ಗಾಳ ಅಲ್ಲೇ ಉಳಿಯುತ್ತದೆ. ಆದ್ದರಿಂದ ತೆರೆದ ನೀರಿನಲ್ಲಿ ಹಾಕಿಕೊಂಡು ಕೂರುತ್ತಾನೆ. ಅಲ್ಲಿ ಚಿಲಾಪಿ ಸಿಗುತ್ತದೆ. ದೊಡ್ಡ ಮರಳ ಮೀನು ಕಂಟಿಯೊಳಗೇ ಇರುತ್ತದೆ.

ಸಮಸ್ಯೆ ಭೀಮೆಯದಷ್ಟೇ ಅಲ್ಲ. ಅಮೆರಿಕದ ಟೆಕ್ಸಸ್‌ನಲ್ಲಿ ಕಾಡು ಮುಳುಗಿಸಿ ಕಟ್ಟಿದ ಜಲಾಶಯಗಳಲ್ಲಿ ಬ್ಯಾಸ್ ಎಂಬ ಮೀನಿನ ಬೆನ್ನು ಹತ್ತಿದವರಿಗೂ ಇದೇ ಪೇಚು. ಬ್ಯಾಸ್ ನಮ್ಮ ಹೊಳೆಗಳ ಮೀನಲ್ಲ, ಆದರೆ ಅದರ ನಡತೆ ನಮ್ಮ ಮರಳಕ್ಕೆ ಹತ್ತಿರದ್ದು. ಮರೆಯಲ್ಲಿ ಹೊಂಚು ಹಾಕುವುದು, ಹತ್ತಿರ ಬಂದದ್ದನ್ನು ಒಂದೇ ಏಟಿಗೆ ಬಾಯಿಗೆ ಹಾಕುವುದು. 1949ರಲ್ಲಿ ಒಹಾಯೊ ರಾಜ್ಯದ ಆಕ್ರನ್ ಪಟ್ಟಣದಲ್ಲಿ ನಿಕ್ ಕ್ರೀಮ್ ಎಂಬ ಯಂತ್ರಕರ್ಮಿ ತನ್ನ ಹೆಂಡತಿ ಕಾಸ್ಮಾ ಜೊತೆ ಅಡುಗೆಮನೆಯ ಒಲೆಯ ಮೇಲೆ ಪ್ಲಾಸ್ಟಿಕ್ ಕಾಯಿಸಿ, ಅಚ್ಚಿಗೆ ಹೊಯ್ದು ಮೆತ್ತನೆಯ ಹುಳ ಮಾಡಿದ. ನಿಜವಾದ ಎರೆಹುಳದಂತೆ ಬಳುಕುವ, ಕೊಳೆಯದ, ಡಬ್ಬಿಯಲ್ಲಿ ಇಡಬಹುದಾದ ಹುಳ. ಮುಂದೆ ಅವನ ಕಾರ್ಖಾನೆ ಟೆಕ್ಸಸ್‌ನ ಟೈಲರ್‌ಗೆ ಹೋಯಿತು. ಮುಳುಗಿದ ಮರಗಳ ನಡುವೆ ಆ ಹುಳವನ್ನು ಆಡಿಸಲು ಅಲ್ಲಿನವರು ಗಾಳ ಕಟ್ಟುವ ರೀತಿಯನ್ನೇ ಬದಲಿಸಿದರು. ಅದಕ್ಕೆ ಟೆಕ್ಸಸ್ ರಿಗ್ ಎಂದೇ ಹೆಸರಾಯಿತು. ಇವತ್ತು ಸೋಲಾಪುರದ ಹುಡುಗನೂ ಫೋನಿನಲ್ಲಿ ಆರ್ಡರ್ ಮಾಡಿದರೆ ಆ ಹುಳ ಮನೆ ಬಾಗಿಲಿಗೆ ಬರುತ್ತದೆ.

ಕಟ್ಟುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಇಡೀ ವಾದ ಅದರೊಳಗೇ ಇದೆ. ತಂಗೂಸಕ್ಕೆ ಮೊದಲು ಬಂದೂಕಿನ ಗುಂಡಿನ ಆಕಾರದ ಸೀಸ ಪೋಣಿಸುತ್ತಾರೆ, ಚೂಪು ಮುಂದಕ್ಕೆ. ಆಮೇಲೆ ಗಾಳ ಕಟ್ಟುತ್ತಾರೆ. ಇದು ಸಾದಾ ಗಾಳವಲ್ಲ; ಕುತ್ತಿಗೆಯ ಹತ್ತಿರ ಮೆಟ್ಟಿಲಿನಂತೆ ಎರಡು ಸಲ ಮಡಿಸಿದ್ದು, ಬಾಗು ಅಗಲವಾದದ್ದು. ಅದರ ಮೊನೆಯನ್ನು ಹುಳದ ತಲೆಗೆ ಚುಚ್ಚಿ, ಅರ್ಧ ಸೆಂಟಿಮೀಟರು ಒಳಗೆ ಹೋದ ಮೇಲೆ ಪಕ್ಕದಿಂದ ಹೊರಗೆ ತೆಗೆಯಬೇಕು. ಗಾಳವನ್ನು ಪೂರ್ತಿ ಎಳೆದು, ಮಡಿಸಿದ ಕುತ್ತಿಗೆ ಹುಳದ ತಲೆಯೊಳಗೆ ಕೂತಾಗ ಅದನ್ನು ಅರ್ಧ ಸುತ್ತು ತಿರುಗಿಸಬೇಕು. ಈಗ ಮೊನೆ ಹುಳದ ಕಡೆ ನೋಡುತ್ತಿರುತ್ತದೆ. ಹುಳವನ್ನು ಗಾಳದ ಪಕ್ಕ ಜೋತುಬಿಟ್ಟು, ಬಾಗು ಎಲ್ಲಿ ತಾಗುತ್ತದೆ ಎಂದು ಉಗುರಿನಿಂದ ಗುರುತು ಮಾಡಿ, ಸರಿಯಾಗಿ ಅಲ್ಲೇ ಮೊನೆಯನ್ನು ಮತ್ತೆ ಮೈಯೊಳಗೆ ಒತ್ತಬೇಕು. ಆಚೆ ಬದಿಗೆ ಬರಬಾರದು, ಚರ್ಮದ ಅಡಿಯಲ್ಲಿ ನಿಲ್ಲಬೇಕು. ಗುರುತು ಒಂದು ಕೂದಲೆಳೆ ತಪ್ಪಿದರೂ ಹುಳ ಸೊಟ್ಟಗೆ ಕೂರುತ್ತದೆ. ಸೊಟ್ಟ ಹುಳ ನೀರಿನಲ್ಲಿ ಗಿರಗಿರ ತಿರುಗುತ್ತದೆ, ತಂಗೂಸ ಹುರಿಗೊಳ್ಳುತ್ತದೆ, ಮೀನು ಹತ್ತಿರ ಸುಳಿಯುವುದಿಲ್ಲ. ಮೊದಲ ಸಲ ಕಟ್ಟುವವರಲ್ಲಿ ಅರ್ಧ ಜನ ಸೋಲುವುದು ಇಲ್ಲೇ. ದೂರು ಮಾತ್ರ ಹುಳದ ಮೇಲೆ.

ಹಬ್ಬಕ್ಕೆಂದು ಪುಣೆಯಿಂದ ಊರಿಗೆ ಬಂದ ಹುಡುಗ ಹೀಗೆ ಕಟ್ಟುತ್ತಿದ್ದಾಗ ದಂಡೆಯಲ್ಲಿ ಕೂತಿದ್ದ ಅವನ ಸೋದರಮಾವ ಆಡಿದ ಮಾತು ಈ ಅಧ್ಯಾಯಕ್ಕೆ ದಾರಿ ತೋರಿಸಿತು.

“ಮೊನಿ ಮುಚ್ಚಿಬಿಟ್ಟೆಲ್ಲೋ ತಮ್ಮಾ, ಮೀನ ಬೀಳೂದು ಹ್ಯಾಂಗ?”

“ಮಾಮಾ, ಜಾಲಿ ಮುಳ್ಳಿಗೆ ಸಿಗಬಾರದಂತ ಮುಚ್ಚೂದು.”

“ಜಾಲಿಗೆ ಸಿಗಲಾರದ್ದು ಮೀನಿಗೆ ಸಿಗತದೇನು?”

ಹುಡುಗನ ಹತ್ತಿರ ಉತ್ತರ ಇರಲಿಲ್ಲ. ಪ್ರಶ್ನೆ ಮಾತ್ರ ಯಾವ ಎಂಜಿನಿಯರೂ ಕೇಳಬೇಕಾದಂಥದ್ದು. ಒಂದೇ ಮೊನೆ ಕೊಂಬೆಗೆ ಸಿಗದೆ ಬಾಯಿಗೆ ಮಾತ್ರ ಹೇಗೆ ಸಿಕ್ಕೀತು?

ಉತ್ತರ ಬಲದ ದಿಕ್ಕಿನಲ್ಲಿದೆ. ಹುಳ ಕೊಂಬೆಯ ಮೇಲೆ ಜಾರುವಾಗ ಮುಂದೆ ಇರುವುದು ಸೀಸದ ಚೂಪು. ಕೊಂಬೆ ಒತ್ತುವುದು ಹುಳದ ಉದ್ದಕ್ಕೆ, ತಲೆಯಿಂದ ಬಾಲದ ಕಡೆಗೆ. ಆ ಒತ್ತಡಕ್ಕೆ ಮೆತ್ತನೆಯ ಮೈ ಜಾರಿಕೊಂಡು ಹೋಗುತ್ತದೆಯೇ ಹೊರತು ಮಡಚಿಕೊಳ್ಳುವುದಿಲ್ಲ, ಮೊನೆ ಒಳಗೇ ಉಳಿಯುತ್ತದೆ. ಮೀನಿನ ದವಡೆ ಹಾಗಲ್ಲ, ಅಡ್ಡಕ್ಕೆ ಅದುಮುತ್ತದೆ. ಎರಡೂ ಕಡೆಯಿಂದ ಅದುಮಿಸಿಕೊಂಡ ಪ್ಲಾಸ್ಟಿಕ್ ಚಪ್ಪಟೆಯಾಗುತ್ತದೆ, ಗಟ್ಟಿಯಾದ ಗಾಳ ಚಪ್ಪಟೆಯಾಗುವುದಿಲ್ಲ. ಆ ಕ್ಷಣಕ್ಕೆ ಕೋಲನ್ನು ಜಗ್ಗಿದರೆ ಮೊನೆ ತೆಳುವಾದ ಪದರವನ್ನು ಹರಿದುಕೊಂಡು ಹೊರಬಂದು ದವಡೆಗೆ ಇಳಿಯುತ್ತದೆ. ಮಾಮಾನ ಅನುಮಾನ ಸರಿಯಾದದ್ದೇ. ಕೊಂಬೆಯೂ ಬಾಯಿಯೂ ಒಂದೇ ರೀತಿ ಒತ್ತುತ್ತವೆ ಎಂದುಕೊಂಡದ್ದರಲ್ಲಷ್ಟೇ ತಪ್ಪು.

ಆ ಬಾಯಿಯ ಬಲ ಎಲ್ಲಿಂದ ಬರುತ್ತದೆ ಎನ್ನುವುದು ಬಹಳ ಇತ್ತೀಚೆಗೆ ಗೊತ್ತಾದ ಸಂಗತಿ. ಬ್ಯಾಸ್ ಕಚ್ಚಿ ಹಿಡಿಯುವುದಕ್ಕಿಂತ ಮೊದಲು ಹೀರುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಬಾಯಿ, ಗಂಟಲು, ಕಿವಿರಿನ ಗೂಡು ಎಲ್ಲ ಒಟ್ಟಿಗೆ ಹಿಗ್ಗುತ್ತವೆ. ಒಳಗೆ ಒತ್ತಡ ಕುಸಿದು ನೀರು ನುಗ್ಗುತ್ತದೆ, ನೀರಿನ ಜೊತೆ ಬೇಟೆಯೂ. ಇಷ್ಟು ಕೆಲಸ ತಲೆಯ ಸಣ್ಣ ಸ್ನಾಯುಗಳದ್ದೇ ಎಂದು ಬಹುಕಾಲ ಭಾವಿಸಿದ್ದರು. 2015ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಏರಿಯಲ್ ಕ್ಯಾಂಪ್, ಥಾಮಸ್ ರಾಬರ್ಟ್ಸ್, ಎಲಿಜಬೆತ್ ಬ್ರೇನರ್ಡ್ ಎಕ್ಸ್-ರೇ ಚಿತ್ರಗಳಲ್ಲಿ ಎಲುಬುಗಳ ಚಲನೆಯನ್ನು ಅಳೆದು ತೋರಿಸಿದರು: ಹೀರುವ ಶಕ್ತಿಯಲ್ಲಿ ಶೇಕಡಾ 95ಕ್ಕಿಂತ ಹೆಚ್ಚು ಬರುವುದು ಈಜುವ ಸ್ನಾಯುಗಳಿಂದ, ಅಂದರೆ ನಾವು ಸಾರಿಗೆ ತುಂಡು ಮಾಡುವ ಆ ಮೈಮಾಂಸದಿಂದ. ಮೀನು ಇಡೀ ಮೈಯಿಂದ ನುಂಗುತ್ತದೆ. ಅಂಥ ಬಾಯಿಗೆ ಒಂದು ಪದರ ಪ್ಲಾಸ್ಟಿಕ್ ಅಡ್ಡಿಯೇ ಅಲ್ಲ.

ಇದಕ್ಕೆ ನೇರ ಉಲ್ಟಾ ಇರುವ ಇನ್ನೊಂದು ಕಟ್ಟು ಇದೆ, ಅದನ್ನು ನಂಬುವುದು ಇನ್ನೂ ಕಷ್ಟ. ಅದಕ್ಕೆ ಮೊದಲು ನಮ್ಮ ರೂಢಿ ನೋಡೋಣ. ನಮ್ಮ ಕಡೆ ರೋಹು, ಕಟ್ಲಾ, ಸಾಯಪ್ರಿನಸ್ ಹಿಡಿಯುವವರು ಜೋಳದ ಹಿಟ್ಟು, ಶೇಂಗಾ ಹಿಂಡಿ ಕಲಸಿ ಉಂಡೆ ಮಾಡಿ ಗಾಳವನ್ನು ಪೂರ್ತಿ ಅದರೊಳಗೆ ಮುಚ್ಚುತ್ತಾರೆ. ಈ ಮೀನುಗಳಲ್ಲಿ ಯಾವುವೂ ಮೂಲತಃ ಭೀಮೆಯವಲ್ಲ ಎನ್ನುವುದು ಬೇರೆ ಮಾತು. ರೋಹು, ಕಟ್ಲಾ ಗಂಗೆಯ ಸೀಮೆಯಿಂದ ಬಂದವು. ಸಾಯಪ್ರಿನಸ್, ಅಂದರೆ ಸಾಮಾನ್ಯ ಗೆಂಡೆ, 1939ರಲ್ಲಿ ಸಿಂಹಳದಿಂದ ನೀಲಗಿರಿಗೆ, 1957ರಲ್ಲಿ ಬ್ಯಾಂಕಾಕಿನಿಂದ ಇನ್ನೊಂದು ತಳಿಯಾಗಿ ದೇಶದೊಳಗೆ ಬಂತು. ಈ ಗೆಂಡೆಯ ಬಾಯಿ ಒಂದು ಜರಡಿ. ಕೆಸರು ಸಮೇತ ಹೀರಿ, ಬಾಯಿಯ ಮೇಲ್ಛಾವಣಿಯಲ್ಲಿರುವ ರುಚಿಮೊಗ್ಗು ತುಂಬಿದ ಮಾಂಸದ ದಿಂಬಿನಿಂದ ತಿನ್ನುವ ಕಾಳನ್ನು ಮಾತ್ರ ಒತ್ತಿ ಹಿಡಿದು, ಉಳಿದದ್ದನ್ನು ಕಿವಿರಿನಿಂದಲೋ ಬಾಯಿಂದಲೋ ಉಗುಳುತ್ತದೆ. ಹಲ್ಲು ಗಂಟಲೊಳಗೆ ಇವೆ. ಗಾಳ ತುಂಬಿದ ಉಂಡೆಯ ತೂಕ, ಗಡಸು ಬೇರೆಯಾದರೆ ಅದಕ್ಕೆ ತಟ್ಟನೆ ಗೊತ್ತಾಗುತ್ತದೆ. ಉಗುಳಿ ಹೋಗುತ್ತದೆ, ದಂಡೆಯಲ್ಲಿ ಕೂತವನಿಗೆ ಬೆಂಡು ಅಲುಗಿದ್ದೂ ಕಾಣುವುದಿಲ್ಲ.

ಇಂಗ್ಲೆಂಡಿನಲ್ಲಿ ಲೆನ್ ಮಿಡಲ್ಟನ್ ಮತ್ತು ಕೆವಿನ್ ಮ್ಯಾಡಕ್ಸ್ ಎಂಬ ಗಾಳಗಾರರು ಗಾಜಿನ ತೊಟ್ಟಿಯಲ್ಲಿ ಗೆಂಡೆಗಳನ್ನಿಟ್ಟು ಇದನ್ನು ಕಣ್ಣಾರೆ ನೋಡಿದರು. ಸುಮ್ಮನೆ ಹಾಕಿದ ತಿಂಡಿಯನ್ನು ಧೈರ್ಯವಾಗಿ ನುಂಗುವ ಮೀನು ಗಾಳ ಸೇರಿಸಿದ್ದನ್ನು ಹೊರಗೆ ಊದುತ್ತಿತ್ತು. ಅವರು ತಿಂಡಿಯನ್ನು ಗಾಳದಿಂದ ಬಿಡಿಸಿ, ಗಾಳದ ಬಾಗಿನಿಂದ ಒಂದು ತಲೆಗೂದಲಿನಲ್ಲಿ ನೇತುಬಿಟ್ಟರು. ಗಾಳ ಬತ್ತಲೆ, ತಿಂಡಿ ಪಕ್ಕದಲ್ಲಿ. ಮೀನು ತಿಂಡಿಯನ್ನು ಹೀರಿದಾಗ ಬರಿ ಗಾಳವೂ ಹಿಂಬಾಲಿಸುತ್ತದೆ. ಅನುಮಾನ ಬಂದು ಉಗುಳಿದಾಗ ತಿಂಡಿ ಮೊದಲು ಹೊರಬರುತ್ತದೆ, ಗಾಳ ಕೆಳತುಟಿಗೆ ಇಳಿಯುತ್ತದೆ. ಮೀನು ತಪ್ಪಿಸಿಕೊಳ್ಳಲು ಮಾಡುವ ಕೆಲಸವೇ ಅದನ್ನು ಹಿಡಿದುಕೊಡುತ್ತದೆ. ಮೊದಲು ಗುಟ್ಟಾಗಿಟ್ಟಿದ್ದ ಈ ಕಟ್ಟು 1981ರಲ್ಲಿ ಮ್ಯಾಡಕ್ಸ್ ಬರೆದ ‘ಕಾರ್ಪ್ ಫೀವರ್’ ಪುಸ್ತಕದ ಮೂಲಕ ಬಯಲಾಯಿತು. ಒಂದರಲ್ಲಿ ಮೊನೆ ಮುಚ್ಚಬೇಕು, ಇನ್ನೊಂದರಲ್ಲಿ ಬಿಚ್ಚಿಡಬೇಕು. ಎರಡೂ ನಮ್ಮ ಬುದ್ಧಿಗೆ ಒಪ್ಪುವುದಿಲ್ಲ, ಎರಡೂ ಕೆಲಸ ಮಾಡುತ್ತವೆ. ನಾವು ಗಾಳವನ್ನು ನಮ್ಮ ಕಣ್ಣಿನಿಂದ ನೋಡುತ್ತೇವೆ, ಮೀನು ಬಾಯಿಂದ ನೋಡುತ್ತದೆ.

ಇಷ್ಟೆಲ್ಲ ತಿಳಿದ ಮೇಲೂ ಕೈ ನಂಬುವುದಿಲ್ಲ. ತಲೆ ಒಪ್ಪಿದ್ದನ್ನು ಕೈ ಒಪ್ಪಲು ಬೇರೆಯೇ ಪಾಠ ಬೇಕು.

ಬೆಂಡು ಹಾಕಿ ಕೂರುವವನು ಕಣ್ಣಿನಿಂದ ಮೀನು ಹಿಡಿಯುತ್ತಾನೆ. ಟೆಕ್ಸಸ್ ರಿಗ್‌ನಲ್ಲಿ ಬೆಂಡಿಲ್ಲ. ತಳದಲ್ಲಿ ಹುಳ ಹರಿದಾಡುವಾಗ ಸೀಸ ಕಲ್ಲಿಗೆ ತಾಗಿದ್ದು, ಜಾಲಿ ಕೊಂಬೆ ಏರಿ ಇಳಿದದ್ದು, ಮೀನು ಹೀರಿದ್ದು ಎಲ್ಲ ತಂಗೂಸದ ಮೂಲಕ ಬೆರಳಿಗೆ ಬರುವ ಸಣ್ಣ ಅದುರು. ಬೆರಳ ತುದಿಯ ಚರ್ಮದ ಆಳದಲ್ಲಿ ಪಾಚಿನಿ ಕಣಗಳೆಂಬ ಈರುಳ್ಳಿ ಪದರದಂಥ ರಚನೆಗಳಿವೆ. ಸೆಕೆಂಡಿಗೆ 250ರ ಆಸುಪಾಸಿನ ಕಂಪನಗಳಿಗೆ ಅವು ಬಹಳ ಚುರುಕು. ಸಾಧನ ಹುಟ್ಟಿನಿಂದಲೇ ಇದೆ, ಇಲ್ಲದಿರುವುದು ಅರ್ಥ. ಕಲ್ಲಿನ ಟಕ್ ಯಾವುದು, ಮೀನಿನ ಟಕ್ ಯಾವುದು ಎನ್ನುವುದನ್ನು ಮಿದುಳು ಒಂದೊಂದಾಗಿ ಕಲಿಯಬೇಕು. ಸಾದಾ ನೈಲಾನ್ ತಂಗೂಸ ಎಳೆದರೆ ಹಿಗ್ಗುತ್ತದೆ, ಅದುರಿನ ಒಂದಿಷ್ಟನ್ನು ನುಂಗಿಕೊಳ್ಳುತ್ತದೆ. ಹೆಣೆದ ಪಾಲಿಎಥಿಲೀನ್ ದಾರ ಹಿಗ್ಗುವುದು ಅತಿ ಕಡಿಮೆ. ಹೊಸಬರು ಖರ್ಚು ಮಾಡುವುದಾದರೆ ಬಣ್ಣಬಣ್ಣದ ಹುಳಗಳಿಗಿಂತ ಮೊದಲು ದಾರಕ್ಕೆ ಮಾಡುವುದು ಮೇಲು.

ಕೋಲು ಬರಿ ಕೋಲಾಗಿ ಉಳಿಯುವುದೂ ಇಲ್ಲ. ಲ್ಯೂಕ್ ಮಿಲ್ಲರ್, ಅಲೆಸ್ಸಾಂಡ್ರೊ ಫಾರ್ನೆ ಮತ್ತು ಸಂಗಡಿಗರು 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರ ಕೈಗೆ ಮರದ ಕೋಲು ಕೊಟ್ಟು, ಅವರಿಗೆ ಕಾಣದಂತೆ ಆ ಕೋಲಿಗೆ ವಸ್ತುವೊಂದು ತಾಗುವಂತೆ ಮಾಡಿದ್ದರು. ತಾಗಿದ್ದು ಕೋಲಿನ ಯಾವ ಭಾಗಕ್ಕೆ ಎಂದು ಕೇಳಿದರೆ ಅವರು ಆಶ್ಚರ್ಯವಾಗುವಷ್ಟು ಸರಿಯಾಗಿ ಹೇಳಿದರು. ಕೋಲಿನಲ್ಲಿ ಹುಟ್ಟುವ ಕಂಪನದ ಮಾದರಿಯನ್ನು ಓದಿ ಮಿದುಳು ಕೋಲನ್ನು ಮೈಯ ಭಾಗದಂತೆ ಬಳಸುತ್ತದೆ. ಕುರುಡರ ಕೈಯ ಕೋಲಿನ ವಿಷಯದಲ್ಲಿ ನಮಗೆ ಇದು ಮೊದಲೇ ಗೊತ್ತಿತ್ತು, ಅಳೆದು ನೋಡಿದ್ದು ಈಗ. ಆದ್ದರಿಂದ ಹೊಸ ಕಟ್ಟು ಕಲಿಯುವವನಿಗೆ ನನ್ನ ಸಲಹೆ ಇದು: ಮೊದಲ ದಿನ ಮೀನಿನ ಆಸೆ ಬಿಟ್ಟು, ನೀರು ಇಳಿದಾಗ ಕಣ್ಣಾರೆ ನೋಡಿಟ್ಟುಕೊಂಡ ತಳದ ಮೇಲೆ ಹುಳ ಎಳೆದು ನೋಡಿ. ಇಲ್ಲಿ ಕಲ್ಲಿದೆ, ಇಲ್ಲಿ ಕಂಟಿ ಇದೆ ಎಂದು ಗೊತ್ತಿರುವ ಕಡೆ ಎಳೆದರೆ ಬೆರಳಿಗೆ ಪಾಠ ಬೇಗ ಹತ್ತುತ್ತದೆ. ಬಂಧಾರದ ಹಲಗೆ ತೆಗೆದು ಹೊಳೆ ಬತ್ತಿದ ಬೇಸಿಗೆಯಲ್ಲಿ ಒಂದು ಸುತ್ತು ಹಾಕಿ ಬಂದವನಿಗೆ ಮಳೆಗಾಲದ ನಂತರ ಇದು ಬಂಗಾರದಂಥ ಮಾಹಿತಿ.

ಕೆಲವೊಮ್ಮೆ ಕಲಿಯುವುದಕ್ಕಿಂತ ಮರೆಯುವುದು ಕಷ್ಟ. ಉತ್ತರ ಪೆಸಿಫಿಕ್ ಸಾಗರದ ಹ್ಯಾಲಿಬಟ್ ಮೀನುಗಾರರು 1980ರ ದಶಕದ ಮೊದಲರ್ಧದಲ್ಲಿ ಹಳೆಯ ಕೊಕ್ಕೆಯ ಗಾಳ ಬಿಟ್ಟು ಮೊನೆ ಒಳಕ್ಕೆ ತಿರುಗಿದ ವೃತ್ತಗಾಳಕ್ಕೆ ಬಂದರು. ನೋಡಿದರೆ ಯಾವುದಕ್ಕೂ ಚುಚ್ಚಲಾರದಂಥ ಆಕಾರ. ಮೀನು ಅದನ್ನು ಬಾಯಲ್ಲಿಟ್ಟು ತಿರುಗಿದಾಗ ಗಾಳ ತಾನಾಗಿ ಜಾರಿ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಹಿಡಿತ ಸುಮಾರು ಎರಡು ಪಟ್ಟಾಯಿತು, ಕೆಲವೇ ವರ್ಷಗಳಲ್ಲಿ ಹೆಚ್ಚುಕಡಿಮೆ ಇಡೀ ಪಡೆ ಬದಲಾಯಿತು. ಅವರದ್ದು ಉದ್ದನೆಯ ಸಾಲುಗಾಳ, ಜಗ್ಗುವ ಕೈಯೇ ಅಲ್ಲಿಲ್ಲ. ಇದೇ ಗಾಳವನ್ನು ಕೋಲಿಗೆ ಕಟ್ಟಿಕೊಂಡ ಹವ್ಯಾಸಿಗಳಿಗೆ ಮಾತ್ರ ಬಹಳ ತೊಂದರೆಯಾಯಿತು. ಮೀನು ಮುಟ್ಟಿದೊಡನೆ ಜಗ್ಗುವ ಹಳೆಯ ಕೈ ಗಾಳವನ್ನು ಬಾಯಿಂದ ಹೊರಕ್ಕೆ ಕಿತ್ತುಬಿಡುತ್ತದೆ. ಅಲ್ಲಿ ಬೇಕಾದದ್ದು ಸುಮ್ಮನಿರುವ ಕೈ, ಟೆಕ್ಸಸ್ ರಿಗ್‌ಗೆ ಬೇಕಾದದ್ದು ಬಲವಾಗಿ ಜಗ್ಗುವ ಕೈ. ಗಾಳ ಬದಲಿಸಿ ಕೈ ಬದಲಿಸದವನಿಗೆ ಎರಡೂ ಮೋಸವೇ.

ಇನ್ನು ಲೆಕ್ಕ. ಹೊಸ ಗಾಳದ ಮೇಲೆ ಹೆಚ್ಚಿನ ಅನ್ಯಾಯ ನಡೆಯುವುದು ಇಲ್ಲಿ.

ಮಾಮಾ ಹೊಸ ಕಟ್ಟನ್ನು ಯಾವಾಗ ಎಸೆಯುತ್ತಾನೆ? ಮುಂಜಾನೆಯಿಂದ ಹಳೆಯ ಗಾಳಕ್ಕೆ ಏನೂ ಬೀಳದೆ, ಹೊತ್ತು ನೆತ್ತಿಗೆ ಬಂದು, ಬೇಸರ ಹತ್ತಿದಾಗ. ಮೀನು ತಿನ್ನದ ಹೊತ್ತನ್ನು ಹಳೆಯ ಗಾಳವೇ ತೋರಿಸಿಕೊಟ್ಟಿರುತ್ತದೆ, ಸರಿಯಾಗಿ ಆ ಹೊತ್ತಿನಲ್ಲಿ ಹೊಸದರ ಪರೀಕ್ಷೆ. ಹತ್ತು ಸಲ ಎಸೆದು “ಇದರಾಗ ಏನೂ ಇಲ್ಲ” ಎಂದು ಬಿಚ್ಚಿಡುತ್ತಾನೆ. ಮೀನು ಜೋರಾಗಿ ತಿನ್ನುವ ಹೊತ್ತಿನಲ್ಲಿ ಹಳೆಯದನ್ನು ಬಿಚ್ಚಿ ಹೊಸದನ್ನು ಕಟ್ಟುವಷ್ಟು ಹುಚ್ಚು ಯಾರಿಗೂ ಇಲ್ಲ. ಹೀಗೆ ಒಳ್ಳೆಯ ಹೊತ್ತೆಲ್ಲ ಹಳೆಯದರ ಪಾಲಿಗೆ, ಕೆಟ್ಟ ಹೊತ್ತೆಲ್ಲ ಹೊಸದರ ಪಾಲಿಗೆ ಹೋಗುತ್ತದೆ. ವರ್ಷ ಕಳೆದ ಮೇಲೆ ಅನುಭವ ಎಂಬ ಹೆಸರಿನಲ್ಲಿ ಉಳಿಯುವುದು ಈ ಪಕ್ಷಪಾತ.

ಹತ್ತು ಎಸೆತ ಸಾಲದು ಎನ್ನುವುದು ಗಣಿತದ ಮಾತು. ಒಂದು ಗಾಳ ನಿಜಕ್ಕೂ ಒಳ್ಳೆಯದು, ಸರಾಸರಿ ಹತ್ತು ಎಸೆತಕ್ಕೆ ಒಂದು ಮೀನು ಕೊಡುತ್ತದೆ ಎಂದುಕೊಳ್ಳೋಣ. ಅಂಥ ಗಾಳವೂ ಮೊದಲ ಹತ್ತು ಎಸೆತದಲ್ಲಿ ಏನೂ ಕೊಡದೆ ಇರುವ ಸಂಭವ ಶೇಕಡಾ 35. ಇಪ್ಪತ್ತು ಎಸೆತ ಖಾಲಿ ಹೋಗುವ ಸಂಭವವೂ ಶೇಕಡಾ 12 ಇದೆ. ಅದು ಶೇಕಡಾ 5ಕ್ಕಿಂತ ಕೆಳಗೆ ಇಳಿಯಲು 29 ಎಸೆತ ಬೇಕು. ಮೂವತ್ತಕ್ಕೆ ಒಂದು ಮೀನು ಕೊಡುವ ಗಾಳವಾದರೆ ಹತ್ತು ಖಾಲಿ ಎಸೆತಕ್ಕೆ ಅರ್ಥವೇ ಇಲ್ಲ, ಅದು ನೂರಕ್ಕೆ 71 ಸಲ ಹಾಗೇ ಆಗುತ್ತದೆ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಮೂರರ ನಿಯಮ ಎನ್ನುತ್ತಾರೆ. ಜೇಮ್ಸ್ ಹ್ಯಾನ್ಲಿ ಮತ್ತು ಅಬ್ಬಿ ಲಿಪ್‌ಮನ್-ಹ್ಯಾಂಡ್ 1983ರಲ್ಲಿ ವೈದ್ಯರಿಗಾಗಿ ಬರೆದ ಲೇಖನದಿಂದ ಅದು ಜನಪ್ರಿಯವಾಯಿತು: ಒಂದು ಔಷಧಿ ಕೊಟ್ಟ ಇಷ್ಟು ಜನರಲ್ಲಿ ಒಬ್ಬರಿಗೂ ತೊಂದರೆ ಆಗಲಿಲ್ಲ ಎಂದರೆ, ತೊಂದರೆಯ ನಿಜವಾದ ಪ್ರಮಾಣ ಮೂರನ್ನು ಆ ಸಂಖ್ಯೆಯಿಂದ ಭಾಗಿಸಿದಷ್ಟು ಇರಲೂಬಹುದು. ಮೂವತ್ತು ಜನರಲ್ಲಿ ಸೊನ್ನೆ ಎಂದರೆ ಹತ್ತಕ್ಕೊಂದು ಇನ್ನೂ ಸಾಧ್ಯ. ಔಷಧಿಗೆ ಹೇಳಿದ್ದು ಗಾಳಕ್ಕೂ ಸಲ್ಲುತ್ತದೆ.

ಈ ನಡುವೆ ಉಜನಿಯಿಂದ ನೀರು ಬಿಟ್ಟರೆ ಹಿಂದಿನ ಲೆಕ್ಕವೆಲ್ಲ ಕೆಟ್ಟಿತು. ನೀರು ರಾಡಿಯಾಗುತ್ತದೆ, ಹರಿವು ಬರುತ್ತದೆ, ಮೀನು ಜಾಗ ಬದಲಿಸುತ್ತದೆ. ಹೋದ ವಾರ ಹಳೆಯ ಗಾಳಕ್ಕೆ ಸಿಕ್ಕದ್ದನ್ನೂ ಈ ವಾರ ಹೊಸದಕ್ಕೆ ಸಿಗದಿದ್ದುದನ್ನೂ ಹೋಲಿಸಿದರೆ ಅಲ್ಲಿ ಹೋಲಿಸಿದ್ದು ಎರಡು ಹೊಳೆಗಳನ್ನು. ಕಂದಲಗಾಂವದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊಹೋಳದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಆರಿಸಿದ ಮಾಲದಂಡಿ ಎಂ 35-1 ಜೋಳದ ಜೊತೆ ಹೊಸ ಬೀಜವನ್ನು ಹೋಲಿಸಬೇಕಾದರೆ ಅವನು ಒಂದನ್ನು ಈ ವರ್ಷ, ಇನ್ನೊಂದನ್ನು ಮುಂದಿನ ವರ್ಷ ಬಿತ್ತುವುದಿಲ್ಲ. ಒಂದೇ ಹೊಲದಲ್ಲಿ, ಒಂದೇ ಹಿಂಗಾರಿಗೆ, ಪಕ್ಕಪಕ್ಕದ ಪಟ್ಟಿಯಲ್ಲಿ ಬಿತ್ತುತ್ತಾನೆ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಹೊಲಗಳಲ್ಲಿ ಕೆಲಸ ಮಾಡಿ, 1935ರ ತನ್ನ ಪುಸ್ತಕದಲ್ಲಿ ಶಾಸ್ತ್ರ ಮಾಡಿದ್ದು ಇದನ್ನೇ. ಅವನು ಸೇರಿಸಿದ್ದು ಮುಖ್ಯವಾಗಿ ಒಂದು: ಯಾವ ಪಟ್ಟಿಗೆ ಯಾವ ಬೀಜ ಎನ್ನುವುದನ್ನು ಮನಸ್ಸಿಗೆ ಬಿಡದೆ ಚೀಟಿಗೆ ಬಿಡು.

ಹೊಳೆಯ ದಂಡೆಯಲ್ಲಿ ಇದನ್ನು ಮಾಡುವುದು ಸುಲಭ. ಎರಡು ಕೋಲು ಇಟ್ಟುಕೊಳ್ಳಬೇಕು, ಒಂದಕ್ಕೆ ನಂಬಿದ ಕಟ್ಟು, ಇನ್ನೊಂದಕ್ಕೆ ಹೊಸದು. ಪ್ರತಿ ಎಸೆತಕ್ಕೂ ನಾಣ್ಯ ಚಿಮ್ಮಿ, ಬಿದ್ದ ಕಡೆಯದನ್ನು ಎಸೆಯಬೇಕು. ಗಂಟೆ ಎಣಿಸಬಾರದು, ಎಸೆತ ಎಣಿಸಬೇಕು. ಮುಟ್ಟಿದ್ದು, ಸಿಕ್ಕಿದ್ದು, ದಂಡೆಗೆ ಬಂದದ್ದು ಬೇರೆಬೇರೆ ಬರೆಯಬೇಕು. ಮುಟ್ಟಿದ್ದು ಬಹಳ, ಸಿಕ್ಕಿದ್ದು ಕಡಿಮೆ ಎಂದರೆ ದೋಷ ಜಗ್ಗುವ ಕೈಯದು ಅಥವಾ ಮೊನೆಯದು, ಹುಳದ್ದಲ್ಲ. ಕಳೆದುಕೊಂಡ ಗಾಳಗಳನ್ನೂ ಬರೆಯಬೇಕು, ಇದನ್ನು ಎಲ್ಲರೂ ಮರೆಯುತ್ತಾರೆ. ಟೆಕ್ಸಸ್ ರಿಗ್ ತೆರೆದ ನೀರಿನಲ್ಲಿ ಎರೆಹುಳದ ಗಾಳಕ್ಕೆ ಸೋತರೂ ಸೋಲಬಹುದು. ಅದರ ಗೆಲುವಿರುವುದು ಹಳೆಯ ಗಾಳ ಹೋಗಲಾರದ ಜಾಲಿಯೊಳಗೆ.

ಒಮ್ಮೆ ನಂಬಿಕೆ ಬಂತು ಎಂದರೂ ಅದು ಶಾಶ್ವತವಲ್ಲ, ಏಕೆಂದರೆ ಆಚೆ ತುದಿಯಲ್ಲೂ ಕಲಿಯುವ ಪ್ರಾಣಿ ಇದೆ. ನೆದರ್ಲೆಂಡ್ಸಿನ ಜೆ. ಜೆ. ಬ್ಯೂಕೆಮಾ 1970ರಲ್ಲಿ ಕೊಳಗಳಲ್ಲಿ ಗೆಂಡೆಗಳನ್ನು ಗಾಳದಿಂದ ಹಿಡಿದು, ಗುರುತು ಹಾಕಿ, ಬಿಟ್ಟು, ಮತ್ತೆ ಹಿಡಿಯುವ ಪ್ರಯೋಗ ಪ್ರಕಟಿಸಿದ. ಒಂದೇ ಸಲ ಸಿಕ್ಕ ಮೀನು ಮತ್ತೆ ಸಿಗುವುದು ತೀರಾ ಕಡಿಮೆ, ಆ ಅಂಜಿಕೆ ತಿಂಗಳುಗಟ್ಟಲೆ ಉಳಿಯುತ್ತದೆ. ಹೊಸ ಕಟ್ಟು ಮೊದಮೊದಲು ಮಾಯೆ ಮಾಡಿ ಆಮೇಲೆ ಸಪ್ಪೆಯಾಗುವುದಕ್ಕೆ ಇದೂ ಒಂದು ಕಾರಣ. ಆದರೆ ಎಲ್ಲ ಮೀನೂ ಒಂದೇ ಅಲ್ಲ. ಅಮೆರಿಕದ ಇಲಿನಾಯ್‌ನ ರಿಜ್ ಲೇಕ್ ಎಂಬ ಸಣ್ಣ ಕೆರೆಯಲ್ಲಿ ನಾಲ್ಕು ವರ್ಷ ಹಿಡಿದ ಪ್ರತಿ ಬ್ಯಾಸ್ ಅನ್ನೂ ಅಳೆದು, ಗುರುತು ಹಾಕಿ ಬಿಟ್ಟರು. 1980ರಲ್ಲಿ ನೀರು ಬಸಿದು ನೋಡಿದರೆ 1,700ಕ್ಕೂ ಹೆಚ್ಚು ಮೀನುಗಳಲ್ಲಿ ಸುಮಾರು 200 ಒಮ್ಮೆಯೂ ಗಾಳಕ್ಕೆ ಸಿಕ್ಕಿರಲಿಲ್ಲ. ಇನ್ನೊಂದು ಮೀನು ಒಂದೇ ವರ್ಷದಲ್ಲಿ 16 ಸಲ ಸಿಕ್ಕಿತ್ತು. ಡೇವಿಡ್ ಫಿಲಿಪ್ ಮತ್ತು ಸಂಗಡಿಗರು ಸುಲಭವಾಗಿ ಸಿಗುವ ಮೀನು, ಸಿಗದ ಮೀನು ಎಂದು ಎರಡು ವಂಶಗಳನ್ನು ಮೂರು ತಲೆಮಾರು ಬೆಳೆಸಿ, ಆ ಗುಣ ವಂಶದಲ್ಲಿ ಇಳಿಯುತ್ತದೆ ಎಂದು 2009ರಲ್ಲಿ ತೋರಿಸಿದರು. ಬ್ಯೂಕೆಮಾನ ಗೆಂಡೆ ಪೆಟ್ಟು ತಿಂದು ಕಲಿತದ್ದು, ಆ 200 ಮೀನುಗಳಲ್ಲಿ ಕೆಲವು ಹುಟ್ಟಿನಿಂದಲೇ ಅಂಜುಬುರುಕವಾಗಿರಬೇಕು.

ಅನಿಶ್ಚಿತತೆ ಇಷ್ಟಿರುವಾಗ ಗಾಳಕ್ಕೆ ನಿಂಬೆಹಣ್ಣು ಇಳಿಸುವವರನ್ನೂ, ಸೋಮವಾರದ ಗಾಳವೇ ಒಳ್ಳೆಯದು ಎನ್ನುವವರನ್ನೂ ನೋಡಿ ನಗಲು ನನಗೆ ಮನಸ್ಸಾಗುವುದಿಲ್ಲ. ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಾಲಿನೋವ್ಸ್ಕಿ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಕಂಡದ್ದೂ ಇದೇ ಬಗೆಯದು. ಖಚಿತವಾಗಿ ಮೀನು ಸಿಗುವ ಒಳಕೊಲ್ಲಿಯಲ್ಲಿ ಮಂತ್ರವಿರಲಿಲ್ಲ, ಅಪಾಯವೂ ಅದೃಷ್ಟವೂ ಕೂಡಿದ ತೆರೆದ ಕಡಲಿಗೆ ಹೋಗುವಾಗ ಮಂತ್ರವಿತ್ತು. ಅಂಗಡಿಯಲ್ಲಿ ನಲವತ್ತು ಬಣ್ಣದ ಪ್ಲಾಸ್ಟಿಕ್ ಹುಳ ಕೊಳ್ಳುವವನೂ ಅದೇ ದೋಣಿಯಲ್ಲಿ ಕೂತಿದ್ದಾನೆ.

ಪರೀಕ್ಷೆಯೇ ಸುಳ್ಳಾಗುವ ಒಂದು ಸಂದರ್ಭವನ್ನು ಹೇಳಬೇಕು, ಈ ಸೀಮೆಯ ಓದುಗರಿಗೆ ಅದು ಬೇಕಾದೀತು. ಮಳೆಗಾಲದಲ್ಲಿ ಬಂಧಾರದ ಅಂಚಿನಲ್ಲಿ, ಅಕ್ಕಲಕೋಟದ ಕಡೆ ಬೋರಿ ಹೊಳೆಯ ಕುರನೂರ ಜಲಾಶಯದ ಹಿನ್ನೀರಿನಲ್ಲಿ, ನೀರಿನ ಮೇಲೆ ಕೆಂಪು-ಕಿತ್ತಳೆ ಬಣ್ಣದ ಗುಂಪೊಂದು ಗುಳುಗುಳು ಎನ್ನುತ್ತ ಸರಿದಾಡುವುದು ಕಂಡರೆ ಅದು ಮರಳದ ಮರಿಗಳು. ಉಸಿರಿಗೆ ಮೇಲೆ ಬರುತ್ತವೆ, ಕೆಳಗೆ ತಂದೆತಾಯಿ ಕಾವಲು ಇರುತ್ತವೆ. ಅಲ್ಲಿ ಏನು ಎಸೆದರೂ, ರಬ್ಬರಿನ ಕಪ್ಪೆಯಾಗಲಿ ಮುರಿದ ಚಪ್ಪಲಿಯ ತುಂಡಾಗಲಿ, ದೊಡ್ಡ ಮೀನು ಹೊಡೆಯುತ್ತದೆ. ಹಸಿವಿನಿಂದಲ್ಲ, ಮರಿ ಕಾಯಲು. ಬ್ಯಾಸ್‌ಗಳಲ್ಲೂ ಗಾಳಕ್ಕೆ ಬೇಗ ಬೀಳುವ ಗಂಡುಗಳೇ ಮರಿಗಳನ್ನು ಹೆಚ್ಚು ಕಟ್ಟುನಿಟ್ಟಾಗಿ ಕಾಯುವವು ಎಂದು ಫಿಲಿಪ್ ಅವರ ತಂಡ 2012ರಲ್ಲಿ ಬರೆದಿದೆ. ಕಾವಲು ತಪ್ಪಿದ ಮರಿಗಳನ್ನು ಚಿಲಾಪಿ, ನೀರುಹಾವು, ಕೊಕ್ಕರೆಗಳು ಮುಗಿಸಿಬಿಡುತ್ತವೆ. ಆ ಗುಂಪಿನ ಮೇಲೆ ಎಸೆದು ಸಿಕ್ಕ ಮೀನನ್ನು ನಿಮ್ಮ ವಹಿಯಲ್ಲಿ ಹೊಸ ಗಾಳದ ಲೆಕ್ಕಕ್ಕೆ ಬರೆದುಕೊಳ್ಳಬೇಡಿ. ಅದಕ್ಕಿಂತ ಒಳ್ಳೆಯದು, ಅಲ್ಲಿ ಎಸೆಯಲೇ ಬೇಡಿ.